ಮೊಳಕಾಲ್ಮುರಿನ ಕಲ್ಲು ಮತ್ತು ನನ್ನ ರಿಪೋರ್ಟು

ಕಳೆದ ಅಮಾವಾಸ್ಯೆಯ ದಿನ ಮೊಳಕಾಲ್ಮುರಿನಲ್ಲಿ ಯಾರೋ ಒಬ್ಬ ಹೆಂಗಸು ನನಗೆ ಬೈದಳು.

ನಾನು ಮಾಡಿದ ತಪ್ಪೇನು? ಬೇವಿನ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂತಿದ್ದೆ. ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಕಾಲಲ್ಲಿ ಚಪ್ಪಲಿ.

“ಏಳವ್ವಾ ಮ್ಯಾಲೆ! ದೇವ್ರ ತಲೆ ಮ್ಯಾಲೆ ಕುಂತು ಮಂಡಕ್ಕಿ ತಿಂತೀಯಲ್ಲ, ಕಣ್ಣು ಕಾಣಲ್ವಾ?”

ಎದ್ದು ನೋಡಿದೆ. ಹೌದು. ನಾನು ಕೂತಿದ್ದ ಜಾಗದ ಪಕ್ಕದಲ್ಲೇ ಅರಿಶಿನ, ಕುಂಕುಮ, ಒಡೆದ ತೆಂಗಿನಕಾಯಿ, ಅರ್ಧ ಉರಿದ ಊದುಬತ್ತಿ. ಮರದ ಕೊಂಬೆಗೆ ಹಸಿರು ಬಳೆ ಬೇರೆ ಕಟ್ಟಿದ್ದರು. ಹಿಂದಿನ ಅಮಾವಾಸ್ಯೆಗೆ ಬಳೆ ಇರಲಿಲ್ಲ. ಅಂದರೆ ದೇವರಿಗೆ ಪ್ರಮೋಷನ್ ಆಗಿದೆ.

ಆ ಕಲ್ಲಿನ ಮೇಲೆ ನಾನು ಎಷ್ಟೋ ಅಮಾವಾಸ್ಯೆ ಕೂತು ಮಂಡಕ್ಕಿ ತಿಂದಿದ್ದೇನೆ. ಆಗ ಅದು ಬರೀ ಕಲ್ಲು. (ಮೊಳಕಾಲ್ಮುರಿನಲ್ಲಿ ಕಲ್ಲಿಗೇನು ಬರವೇ? ಸುತ್ತಲ ಗುಡ್ಡದಲ್ಲೆಲ್ಲ ಅದೇ.) ಅದು ದೇವರಾಗಿದ್ದು ನನ್ನಿಂದ. ಹೇಗೆ ಅಂತೀರಾ? ಅದಕ್ಕೆ ಒಬ್ಬ ನೇಕಾರ, ಒಂದು ಡಾಕ್ಟರ್ ಚೀಟಿ ಮತ್ತು ನಮ್ಮ ಪಕ್ಕದ ಮನೆಯ ಗೌರಕ್ಕ ಕಾರಣ. ಹೇಳುತ್ತೇನೆ, ಕೇಳಿ.

ಈ ಅಂಕಣ ಓದುವ ನಿಮಗೆ ನನ್ನ ಕೆಲಸ ಗೊತ್ತೇ ಇದೆ. ಚಳ್ಳಕೆರೆಯ ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಲ್ಯಾಬೊಂದರಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುವುದು, ಗಾಜಿನ ಮೇಲೆ ಹಚ್ಚುವುದು, ಮೈಕ್ರೋಸ್ಕೋಪಿನಲ್ಲಿ ಕಣ ಎಣಿಸುವುದು. ಎಣಿಸುವುದೆಂದರೆ ನನಗೆ ಪ್ರಾಣ. ಜನರ ಜೊತೆ ಮಾತಾಡುವುದೆಂದರೆ ಪ್ರಾಣಸಂಕಟ. ಒಮ್ಮೆ ಒಬ್ಬ ಹಿರಿಯರಿಗೆ, “ನಿಮಗೆ ಶುಗರ್ ಐತೆ, ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗ್ರಿ” ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಬೆಂಚಿನ ಮೇಲೆ ಕುಸಿದು ಕೂತರು. ಅಂದಿನಿಂದ ರಿಪೋರ್ಟ್ ಕೊಡುವ ಕೆಲಸವನ್ನು ನಮ್ಮ ಓನರ್ ತಾವೇ ಇಟ್ಟುಕೊಂಡರು.

ಹೆಸರು ವಿಶಾಲಾಕ್ಷಿ. ಯಾರ ಕಣ್ಣನ್ನೂ ಎರಡು ಸೆಕೆಂಡಿಗಿಂತ ಹೆಚ್ಚು ನೋಡಲು ಆಗದವಳಿಗೆ ಅವ್ವ ಹುಡುಕಿ ಹುಡುಕಿ ಇಟ್ಟ ಹೆಸರು.

ಮದುವೆಯ ಪ್ರಯತ್ನಗಳು ನಡೆದಿರಲಿಲ್ಲ ಎಂದಲ್ಲ. ಮೂರು ಸಲ ಹೆಣ್ಣು ನೋಡುವ ಶಾಸ್ತ್ರ ಆಗಿತ್ತು. ಮೂರನೆಯ ಸಲ ಬಂದ ಗಂಡಿನ ಅಪ್ಪ ಉಪ್ಪಿಟ್ಟು ತಿಂದು, ಕೈ ಒರೆಸಿಕೊಂಡು, “ನಮಗೇನೂ ಬ್ಯಾಡಮ್ಮ, ಹುಡುಗಿ ಒಬ್ಬಳನ್ನ ಕೊಟ್ರೆ ಸಾಕು” ಎಂದರು. ಎಂಥ ಒಳ್ಳೆಯ ಜನ! ನನಗೆ ನಿಜವಾಗಿಯೂ ಖುಷಿಯಾಯಿತು. ಒಳಗೆ ಹೋಗಿ, ಅವರು ಹೇಳಿದ್ದನ್ನು ಹಾಗೇ ಒಂದು ಹಾಳೆಯಲ್ಲಿ ಬರೆದು ತಂದು, “ಇಲ್ಲೊಂದು ಸೈನ್ ಮಾಡ್ರಿ” ಎಂದು ಪೆನ್ನು ಕೊಟ್ಟೆ.

ಕಾಫಿಗೂ ಕಾಯದೆ ಹೋದರು. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಏನೂ ಬೇಡ ಎಂದವರು ಏನೂ ಬೇಡ ಎಂದು ಬರೆದುಕೊಡಲು ಯಾಕೆ ಹೆದರಬೇಕು? ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇದಾಗಿ ಕೆಲವು ತಿಂಗಳಿಗೆ ಚಿಕ್ಕಮ್ಮನ ಮಗಳ ಮದುವೆ ಬಂತು. ಸೀರೆ ತರಲು ಅವ್ವನೂ ನಾನೂ ಮೊಳಕಾಲ್ಮುರಿಗೆ ಹೋದೆವು. ಅಂಗಡಿ ಬೇಡ, ನೇಕಾರರ ಮನೆಯಲ್ಲೇ ನೋಡಿ ತರೋಣ ಎಂದು ಅವ್ವನ ಹಟ. ಯಾರೋ ಹೇಳಿದ ಒಂದು ಮನೆಗೆ ಹೋದೆವು. ಒಳಕೋಣೆಯಲ್ಲಿ ಮಗ್ಗ, ಹೊರಕೋಣೆಯಲ್ಲಿ ಚಾಪೆ. ಚಾಪೆಯ ಮೇಲೆ ಒಬ್ಬ ಹುಡುಗ ಒಂದೊಂದೇ ಸೀರೆ ಬಿಚ್ಚಿ ಹಾಸತೊಡಗಿದ. ಹೆಸರು ತಿಪ್ಪೇಸ್ವಾಮಿ. (ನಮ್ಮ ಕಡೆ ಬಸ್ಸಿನಲ್ಲಿ ‘ತಿಪ್ಪೇಸ್ವಾಮಿ’ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಡ್ರೈವರ್ ಸೇರಿ.)

ಸೀರೆ ವ್ಯಾಪಾರ ಅಂದರೆ ಒಂದು ನಾಟಕ. ಕೊಳ್ಳುವವರು ಇಲ್ಲದ ಐಬು ಹುಡುಕಬೇಕು. “ಅಂಚು ಸಣ್ಣದಾಯ್ತಲ್ಲಪ್ಪ”, “ಬಣ್ಣ ಯಾಕೋ ಮಂಕು” ಇತ್ಯಾದಿ. ಮಾರುವವರು ಎದೆಗೆ ಬಾಣ ಬಿದ್ದವರಂತೆ ಮುಖ ಮಾಡಬೇಕು. ಆಮೇಲೆ ಇಬ್ಬರೂ ನಕ್ಕು ವ್ಯಾಪಾರ ಕುದುರಿಸಬೇಕು. ಐಬೂ ಸುಳ್ಳು, ನೋವೂ ಸುಳ್ಳು. ಎಲ್ಲರಿಗೂ ಗೊತ್ತಿರುವ ಪಾರ್ಟು.

ನನಗೆ ಆ ಪಾರ್ಟು ಬರುವುದಿಲ್ಲ. ನಾನು ನಿಜವಾದ ಐಬನ್ನೇ ಹೇಳಿದೆ. “ಸೆರಗಿನ ಕಡೆಯಿಂದ ನಲವತ್ತೇಳನೇ ನವಿಲಿಗೆ ಕಣ್ಣಿಲ್ಲ.”

ತಿಪ್ಪೇಸ್ವಾಮಿ ನಕ್ಕ. ಆಮೇಲೆ ಎಣಿಸಿದ. ನಲವತ್ತೇಳಕ್ಕೆ ಬಂದ ಮೇಲೆ ನಗು ನಿಂತಿತು. ಸೀರೆಯನ್ನು ಮಡಚಿ ತನ್ನ ಹಿಂದಕ್ಕೆ ಇಟ್ಟುಕೊಂಡ.

“ಇದನ್ನ ಕೊಡಾಕಾಗಲ್ಲ.”

“ಇರ್ಲಿ ಬಿಡಪ್ಪಾ, ಒಂದು ನವಿಲು ತಾನೆ? ಒಂಚೂರು ಕಮ್ಮಿ ಮಾಡಿ ಕೊಡು” ಎಂದಳು ಅವ್ವ. ಅವಳ ಕಣ್ಣು ಹೊಳೆಯುತ್ತಿತ್ತು.

“ಬ್ಯಾಡವ್ವ. ಕುರುಡು ನವಿಲು ಇರೋ ಸೀರೆ ಮದ್ವೆ ಮನೆಗೆ ಹೋಗಬಾರದು.”

ಬೇರೊಂದು ಸೀರೆ ಕೊಂಡು ಎದ್ದೆವು. ಅವ್ವ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಅವನು ನನ್ನ ಹತ್ತಿರ ಬಂದ.

“ಮೇಡಂ, ಬರೋ ಅಮಾಸಿ ಹೊತ್ತಿಗೆ ಇನ್ನೊಂದು ಸೀರೆ ಮಗ್ಗದಿಂದ ಇಳೀತೈತೆ. ಬಂದು ಒಂದ್ಸಲ ನೋಡಿ ಹೇಳ್ತೀರಾ?”

“ಅಮಾವಾಸ್ಯೆಗೇ ಯಾಕೆ?”

“ಅವತ್ತು ಮಗ್ಗಕ್ಕೆ ರಜ.”

ಅಮಾವಾಸ್ಯೆಗೆ ನನಗೂ ರಜ. ಅವತ್ತು ಚಳ್ಳಕೆರೆಯಲ್ಲಿ ಯಾರೂ ರಕ್ತ ಕೊಡುವುದಿಲ್ಲ. ಬೇಕಾದರೆ ಜ್ವರ ಇನ್ನೊಂದು ದಿನ ಏರಲಿ, ಅಮಾವಾಸ್ಯೆ ದಿನ ಸೂಜಿ ಚುಚ್ಚಿಸಿಕೊಳ್ಳಬಾರದು. ಲ್ಯಾಬಿನಲ್ಲಿ ನೊಣ ಬಿಟ್ಟರೆ ನಾನೊಬ್ಬಳೇ ಎಂದು ಓನರ್ ಅವತ್ತು ಬಾಗಿಲೇ ತೆಗೆಯುತ್ತಿರಲಿಲ್ಲ.

ಹೀಗೆ ಶುರುವಾಯಿತು. ಲೋಕದಲ್ಲಿ ಹುಡುಗ ಹುಡುಗಿಯರು ಹುಣ್ಣಿಮೆಗೆ ಕಾದರೆ ನಾವು ಅಮಾವಾಸ್ಯೆಗೆ ಕಾದೆವು. ಬೆಳಿಗ್ಗೆ ಒಂಬತ್ತರ ಬಸ್ಸು, ಎಡಗಡೆ ಮೂರನೇ ಕಿಟಕಿ ಸೀಟು, ತಳಕು, ಹಾನಗಲ್, ಮೊಳಕಾಲ್ಮುರು. ಹೋದ ತಕ್ಷಣ ಸೀರೆ ನೋಡುವುದು. ನವಿಲು, ಹಂಸ, ರುದ್ರಾಕ್ಷಿ, ಯಾವ ಅಂಚಾದರೂ ಸರಿ, ತಲೆಯಿಂದ ಕಾಲಿನವರೆಗೆ ಎಣಿಸುವುದು. ಆಮೇಲೆ ಮನೆಯ ಪಕ್ಕದ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತು ಮಂಡಕ್ಕಿ ತಿನ್ನುವುದು. ನಾನು ಶೇಂಗಾ ಎಲ್ಲ ಆರಿಸಿ ಮೊದಲು ತಿಂದು ಮುಗಿಸುತ್ತಿದ್ದೆ. ಅವನು ತನ್ನ ಪೊಟ್ಟಣದ ಶೇಂಗಾವನ್ನೂ ಆರಿಸಿ ನನ್ನ ಕಡೆ ತಳ್ಳುತ್ತಿದ್ದ. ಯಾಕೆ ಎಂದು ನಾನು ಕೇಳಲಿಲ್ಲ. ಅವನಿಗೆ ಶೇಂಗಾ ಸೇರುವುದಿಲ್ಲ ಎಂದುಕೊಂಡಿದ್ದೆ.

ಆರನೇ ಅಮಾವಾಸ್ಯೆಗೆ ಅವನು ಕೆಮ್ಮಿದ. “ಮೇಡಂ, ನಾನು ಬರೀ ಸೀರೆ ತೋರ್ಸಾಕೆ ಕರೀತಿಲ್ಲ ಅಂತ ಗೊತ್ತೈತಲ್ಲ?”

“ಇಲ್ಲ. ಮತ್ಯಾಕೆ ಕರೀತೀರಾ?”

ಅವನು ಕಿವಿಯವರೆಗೆ ಕೆಂಪಾದ. ನನಗೆ ಆಗ ಹೊಳೆಯಿತು. ಇದಕ್ಕೆ ಡೇಟಿಂಗ್ ಎನ್ನುತ್ತಾರೆ! ನಾನು ಅರ್ಧ ವರ್ಷ ಡೇಟಿಂಗ್ ಮಾಡಿದ್ದೇನೆ, ನನಗೇ ಗೊತ್ತಿಲ್ಲದೆ! ಚಳ್ಳಕೆರೆಯ ಬೇಕರಿಯಲ್ಲಿ ಹುಡುಗ ಹುಡುಗಿ ಒಟ್ಟಿಗೆ ಪಫ್ ತಿಂದರೆ ಪಫ್ ಮುಗಿಯುವ ಮೊದಲೇ ಸುದ್ದಿ ಮನೆ ಮುಟ್ಟುವ ಕಾಲದಲ್ಲಿ, ಇಷ್ಟು ಗುಟ್ಟಾಗಿ ಯಾರಾದರೂ ಪ್ರೀತಿಸಿದ್ದುಂಟೇ? ಪ್ರೀತಿಸಿದವಳಿಗೂ ಗೊತ್ತಾಗದಷ್ಟು?

ಖುಷಿಯಾಯಿತು. ತುಂಬಾ. ಹೇಳಲು ಬರಲಿಲ್ಲ. ಅವನ ಕಡೆ ನಾಲ್ಕು ಶೇಂಗಾ ತಳ್ಳಿದೆ.

ಅಷ್ಟು ತಿಂಗಳು ಅವ್ವ ಏನೂ ಕೇಳಲಿಲ್ಲವೇ ಎನ್ನಬಹುದು ನೀವು. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಸುಳ್ಳು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಮೂರನೇ ಅಮಾವಾಸ್ಯೆಗೆ ನಾನು ಬಾಯಿ ತೆರೆದೆ ಕೂಡ. “ಅವ್ವಾ, ನಾನು ಅಮಾವಾಸ್ಯೆ ಅಮಾವಾಸ್ಯೆಗೆ ಮೊಳಕಾಲ್ಮುರಿಗೆ ಹೋಗೋದು...”

ಅವ್ವ ಓಡಿ ಬಂದು ನನ್ನ ಬಾಯಿ ಮುಚ್ಚಿದಳು. “ಹೇಳಬ್ಯಾಡ! ಹರಕೆ ಹೊತ್ತಿದೀಯ ಅಂತ ನನಗೆ ಗೊತ್ತು. ಬಾಯಿ ಬಿಟ್ರೆ ಫಲ ಕೊಡಲ್ಲ. ನನಗೂ ಹೇಳಬ್ಯಾಡ, ಯಾರಿಗೂ ಹೇಳಬ್ಯಾಡ.”

ಹೇಳಬೇಡ ಎಂದಳು. ನಾನು ಹೇಳಲಿಲ್ಲ. ಇದರಲ್ಲಿ ನನ್ನ ತಪ್ಪೇನಿದೆ?

ತಾನು ಮಾತ್ರ ಬಾಯಿ ಮುಚ್ಚಿಕೊಳ್ಳಲಿಲ್ಲ. “ನಮ್ಮ ವಿಶಾಲಿ ಮದ್ವೆಗೆ ಹರಕೆ ಹೊತ್ತವಳೆ, ಅಮಾಸಿಗೆ ಒಂದಿನನೂ ತಪ್ಪಿಸಲ್ಲ” ಎಂದು ಓಣಿಗೆಲ್ಲ ಹೇಳಿದಳು. ಪಕ್ಕದ ಮನೆಯ ಗೌರಕ್ಕನಿಗೂ ಹೇಳಿದಳು. ಗೌರಕ್ಕನಿಗೆ ಓಬಳೇಶ ಎಂಬ ಮಗ. ಎಲೆಕ್ಟ್ರಿಕ್ ಅಂಗಡಿ, ಮೂವತ್ತನಾಲ್ಕು ವರ್ಷ, ಹೆಣ್ಣು ಸಿಕ್ಕಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ಹೊತ್ತಿಗೆ ಇನ್ನೊಂದು ಸಂಗತಿ ನಡೆಯಿತು. ಅಕ್ಕನ ಮಗನಿಗೆ ಮಾತು ತಡವಾಗಿತ್ತು. ತೋರಿಸಲು ಬೆಂಗಳೂರಿನ ಒಬ್ಬ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಅಕ್ಕನಿಗೆ ಒಂದೊಂದೇ ಪ್ರಶ್ನೆ ಕೇಳಿದರು. ಮಗು ಸಾಮಾನುಗಳನ್ನು ಸಾಲಾಗಿ ಜೋಡಿಸುತ್ತಾ? ಜೋರು ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾ? ದಿನಾ ಒಂದೇ ತಟ್ಟೆ ಬೇಕಾ? ಅಕ್ಕ ಯೋಚಿಸುವಷ್ಟರಲ್ಲಿ ನಾನೇ ಉತ್ತರ ಹೇಳುತ್ತಿದ್ದೆ. ಜೊತೆಗೆ, ಅವರ ಗೋಡೆಯ ಕ್ಯಾಲೆಂಡರ್ ಹಿಂದಿನ ತಿಂಗಳದ್ದೆಂದೂ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. “ನೀವು ಚಿಕ್ಕವರಿದ್ದಾಗ ಹೀಗೇ ಇದ್ರಾ?”

“ಈಗಲೂ ಹೀಗೇ ಇದೀನಿ.”

ಮುಂದಿನ ವಾರ ನನಗೇ ಬೇರೆ ಅಪಾಯಿಂಟ್‌ಮೆಂಟ್. ಎರಡು ದಿನದ ಪರೀಕ್ಷೆ. ಕೊನೆಗೆ ಒಂದು ಚೀಟಿ: ಆಟಿಸಂ ಸ್ಪೆಕ್ಟ್ರಮ್. ರೋಗವಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಬೇರೆ, ಹುಟ್ಟಿನಿಂದ ಬಂದದ್ದು ಎಂದರು. ವಾಪಸು ಬರುವ ಬಸ್ಸಿನಲ್ಲಿ ಚಳ್ಳಕೆರೆ ಮುಟ್ಟುವವರೆಗೂ ಅಳುತ್ತಲೇ ಇದ್ದೆ. ದುಃಖಕ್ಕಲ್ಲ. ಇಪ್ಪತ್ತೊಂಬತ್ತು ವರ್ಷ ‘ಸೊಕ್ಕು’, ‘ಮೊಂಡು’, ‘ಅರೆಹುಚ್ಚು’ ಎಂದೆಲ್ಲ ಕರೆಸಿಕೊಂಡ ಮೇಲೆ ಒಂದು ಮರ್ಯಾದೆಯ ಹೆಸರು ಸಿಕ್ಕಿತ್ತು.

ಎಂಟನೇ ಅಮಾವಾಸ್ಯೆಗೆ ತಿಪ್ಪೇಸ್ವಾಮಿ ಕೇಳಿದ. “ನಿಮ್ಮನೇಲಿ ಬಂದು ಮಾತಾಡ್ಲಾ?”

“ಒಂದು ಅಮಾವಾಸ್ಯೆ ತಡೀರಿ. ನಿಮಗೊಂದು ವಿಷಯ ಹೇಳಬೇಕು.”

ಹುಡುಗನ ಸಂಗತಿ ಗೊತ್ತಿದ್ದದ್ದು ಅಕ್ಕನೊಬ್ಬಳಿಗೆ. ಡಾಕ್ಟರ ಚೀಟಿಯ ವಿಷಯ ಅವನಿಗೆ ಹೇಳಲೇಬೇಡ ಎಂದಳು. “ಮದ್ವೆ ಆದ್ಮೇಲೆ ತಾನಾಗೇ ಗೊತ್ತಾಗ್ತೈತೆ ಬಿಡೇ.” ನಮ್ಮಲ್ಲಿ ಅರ್ಧ ಮದುವೆಗಳು ಇದೇ ಧೈರ್ಯದ ಮೇಲೆ ನಡೆಯುತ್ತವೆ, ಅಲ್ಲವೇ? ವಯಸ್ಸು ಎರಡು ವರ್ಷ ಇಳಿಯುತ್ತದೆ, ಪಗಾರ ಎರಡರಷ್ಟು ಏರುತ್ತದೆ. ಲಗ್ನಪತ್ರಿಕೆ ಅಚ್ಚಾದ ಮೇಲೆ ಬೇರೆ ಹೆಸರಿನಲ್ಲಿ ಶುಗರ್ ಟೆಸ್ಟ್ ಮಾಡಿಸಿ ಹೋದ ಗಂಡುಗಳು ನಮ್ಮ ಲ್ಯಾಬಿನ ಲೆಕ್ಕದಲ್ಲೇ ಇದ್ದಾರೆ. (ಹೆದರಬೇಡಿ, ಹೆಸರು ಬರೆಯುವುದಿಲ್ಲ.)

ನನಗದು ಆಗದು. ಆದರೆ ಹೇಳುವುದು ಹೇಗೆ? ಲ್ಯಾಬಿನ ಫ್ರಿಜ್ ಮುಂದೆ ನಿಂತು ಅಭ್ಯಾಸ ಮಾಡಿದೆ. ಫ್ರಿಜ್ ಎದುರೂ ತೊದಲಿದೆ. ಹೇಳಿದ ಮೇಲೆ ಅವನು ಮಾತು ಬಿಟ್ಟರೆ? ಊರಿಗೆಲ್ಲ ಹೇಳಿದರೆ? ಅದೆಲ್ಲಕ್ಕಿಂತ ಹೆಚ್ಚಾಗಿ, ಬರುವ ಅಮಾವಾಸ್ಯೆಗೆ ಒಂಬತ್ತರ ಬಸ್ಸು ಹತ್ತುವ ಕೆಲಸವೇ ಇಲ್ಲದಂತಾದರೆ? ನನಗೆ ಅವನು ಬೇಕಾಗಿತ್ತು. ಇಷ್ಟು ಜನರ ನಡುವೆ ನನ್ನ ಎಣಿಕೆಗೆ ಬೇಸರಿಸದ ಒಬ್ಬನೇ ಒಬ್ಬ ಅವನು.

ಕೊನೆಗೆ ನನಗೆ ಗೊತ್ತಿರುವ ದಾರಿಯಲ್ಲೇ ಹೋದೆ. ಲ್ಯಾಬಿನ ಖಾಲಿ ಫಾರಂ ತೆಗೆದುಕೊಂಡು ನನ್ನದೇ ರಿಪೋರ್ಟ್ ಬರೆದೆ. ಪರೀಕ್ಷೆ, ಫಲಿತಾಂಶ, ಸಾಮಾನ್ಯ ಮಟ್ಟ, ಮೂರೂ ಕಾಲಂ ತುಂಬಿಸಿ.

ಕಣ್ಣು ನೋಡಿ ಮಾತಾಡುವುದು: ಎರಡು ಸೆಕೆಂಡ್. ಸಾಮಾನ್ಯ ಮಟ್ಟ: ಗೊತ್ತಿಲ್ಲ, ಜನ ಅಷ್ಟು ಹೊತ್ತು ಏನು ನೋಡುತ್ತಾರೋ.

ಕುಕ್ಕರ್ ಶಿಳ್ಳೆ ತಡೆಯುವ ಶಕ್ತಿ: ಒಂದು. ಸಾಮಾನ್ಯ ಮಟ್ಟ: ಮೂರರಿಂದ ನಾಲ್ಕು.

ಹೇಳದೆ ಕೇಳದೆ ಬಂದ ನೆಂಟರು: ಅಲರ್ಜಿ.

ಸುಳ್ಳು: ಕಂಡುಬಂದಿಲ್ಲ.

ಪ್ರೀತಿ: ಇದೆ. ತೋರಿಸಲು ಬರುವುದಿಲ್ಲ. ಶೇಂಗಾ ಮೂಲಕ ಕೊಡಲಾಗುವುದು.

ಕೆಳಗೆ ‘ಆಟಿಸಂ ಸ್ಪೆಕ್ಟ್ರಮ್’ ಎಂದು ಬರೆದು, ಸೈನ್ ಮಾಡಿ, ಸೀಲ್ ಹೊಡೆದೆ. (ಸೀಲ್ ಹೊಡೆದದ್ದು ಓನರ್‌ಗೆ ಗೊತ್ತಿಲ್ಲ. ಈ ಅಂಕಣ ಅವರು ಓದುತ್ತಾರೆಂದು ಈಗ ನೆನಪಾಯಿತು.)

ಒಂಬತ್ತನೇ ಅಮಾವಾಸ್ಯೆ. ಬ್ಯಾಗಿನಲ್ಲಿ ರಿಪೋರ್ಟ್ ಇಟ್ಟುಕೊಂಡು ಬಾಗಿಲು ತೆಗೆದರೆ ಗೌರಕ್ಕ ನಿಂತಿದ್ದಾಳೆ. ರೇಷ್ಮೆ ಸೀರೆ, ಕೈಯಲ್ಲಿ ಹಣ್ಣುಕಾಯಿ ಬುಟ್ಟಿ. ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಓಬಳೇಶ, ಹಲ್ಲು ಕೀಳಿಸಿಕೊಳ್ಳಲು ಹೊರಟವನ ಮುಖ.

“ನಾವೂ ಬರ್ತೀವಿ ಕಣೇ ವಿಶಾಲಿ. ನಿಮ್ಮವ್ವ ಹೇಳಿದ್ಲು. ಅದ್ಯಾವ ದೇವ್ರು ಅಂತ ನಾನು ಕೇಳಲ್ಲ, ನೀನು ಹೇಳಬ್ಯಾಡ. ಸುಮ್ನೆ ಕರ್ಕಂಡು ಹೋಗು.”

ಮತ್ತೆ ಹೇಳಬೇಡ! ನಾನೇನು ಮಾಡಲಿ? ಬಸ್ಸಿನಲ್ಲಿ ನನ್ನ ಎಡಗಡೆ ಮೂರನೇ ಕಿಟಕಿ ಸೀಟಿನಲ್ಲಿ ಗೌರಕ್ಕ ಕೂತಳು. ನನಗೆ ಅಲ್ಲೇ ಅರ್ಧ ಜೀವ ಹೋಯಿತು. ದಾರಿಯುದ್ದಕ್ಕೂ ಬುಟ್ಟಿಯಲ್ಲಿದ್ದ ಬಾಳೆಹಣ್ಣು ಎಣಿಸಿದೆ. ಹನ್ನೊಂದು. ಎಷ್ಟು ಸಲ ಎಣಿಸಿದರೂ ಹನ್ನೊಂದೇ.

ಮೊಳಕಾಲ್ಮುರಿನಲ್ಲಿ ಇಳಿದು ಓಣಿ ಹಿಡಿದೆವು. ಇನ್ನು ಗೌರಕ್ಕನಿಗೆ ತಡೆಯಲಾಗಲಿಲ್ಲ.

“ಗುಡಿ ಎಲ್ಲೈತೆ?”

“ಗುಡಿ ಇಲ್ಲ ಗೌರಕ್ಕ.”

“ಗುಡಿ ಇಲ್ದಿರೋ ದೇವ್ರಾ? ಹಂಗಾರೆ ಭಾಳ ಶಕ್ತಿ ಇರ್ತೈತೆ. ಲೇ ಓಬಳೇಶಾ, ಚಪ್ಪಲಿ ಬಿಡಲೇ.”

ಓಬಳೇಶ ನಡುಬೀದಿಯಲ್ಲೇ ಚಪ್ಪಲಿ ಬಿಟ್ಟ.

“ನೀನು ಬಂದಾಗ ಎಲ್ಲಿ ಕೂರ್ತೀಯ?”

ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಕಲ್ಲು ತೋರಿಸಿದೆ. “ಅಲ್ಲಿ.”

ಗೌರಕ್ಕ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಬುಟ್ಟಿ ಇಳಿಸಿದಳು. ನಾನು ನೋಡುತ್ತಿದ್ದಂತೆಯೇ ನನ್ನ ಮಂಡಕ್ಕಿ ಕಲ್ಲಿಗೆ ನೀರು ಬಿತ್ತು, ಅರಿಶಿನ ಬಿತ್ತು, ಹೂವು ಏರಿತು. ಓಬಳೇಶ ಉದ್ದಂಡ ನಮಸ್ಕಾರ ಹಾಕಿದ. ಬಿಳಿ ಅಂಗಿ ಹೋಯಿತು.

ಸದ್ದು ಕೇಳಿ ತಿಪ್ಪೇಸ್ವಾಮಿಯ ಅವ್ವ ಹೊರಗೆ ಬಂದರು. ಅವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಟ್ಟಿಗೇ ಬರುತ್ತವೆ. ಗಂಟೆ ಬಾರಿಸುತ್ತಿದ್ದ ಗೌರಕ್ಕನನ್ನು ನೋಡಿದರು, ಕಲ್ಲನ್ನು ನೋಡಿದರು, ಕೆನ್ನೆಗೆ ಹೊಡೆದುಕೊಂಡರು. “ಅಯ್ಯೋ ದೇವುಡಾ! ಇಷ್ಟು ವರ್ಷ ಇದರ ಮ್ಯಾಲೆ ಹಪ್ಪಳ ಒಣಗಿಸ್ತಿದ್ನಲ್ಲಮ್ಮಾ!” ಎಂದು ತಾವೂ ಪಕ್ಕದಲ್ಲಿ ಕೂತು ಕೈ ಮುಗಿದರು.

ಇದೇ ಸಮಯ ಎಂದು ನಾನು ಒಳಗೆ ನುಗ್ಗಿದೆ.

ತಿಪ್ಪೇಸ್ವಾಮಿ ಮಗ್ಗದ ಪಕ್ಕ ನೂಲಿನ ಲಡಿಗಳನ್ನು ಜೋಡಿಸುತ್ತಿದ್ದ. ರಿಪೋರ್ಟ್ ತೆಗೆದು ಕೊಟ್ಟೆ. ಅವನು ಬೆಳಕಿಗೆ ಹಿಡಿದು ಓದಿದ. ಒಂದೊಂದು ಸಾಲಿಗೂ ಬೆರಳಿಟ್ಟು ಓದಿದ. ಹೊರಗೆ ಗೌರಕ್ಕನ ಗಂಟೆ. ಮಗ್ಗದ ಎಳೆಗಳನ್ನು ಎಣಿಸಲು ಹೋದೆ. ಬದುಕಿನಲ್ಲಿ ಮೊದಲ ಸಲ ಎಣಿಕೆ ತಪ್ಪಿತು.

“ಇದಕ್ಕೆ ಔಷಧಿ ಐತಾ?”

“ಇಲ್ಲ.”

“ನೋವು?”

“ಇಲ್ಲ. ಕುಕ್ಕರ್ ಕೂಗಿದಾಗ ಬಿಟ್ರೆ.”

“ನವಿಲು ಎಣಿಸೋದು ಇದ್ರಿಂದ್ಲೇನಾ?”

“ಇರಬಹುದು.”

ಅವನು ಇನ್ನೊಮ್ಮೆ ಮೇಲಿನಿಂದ ಓದಿದ. “ನೋವಿಲ್ಲ, ಸುಳ್ಳಿಲ್ಲ, ನವಿಲು ತಪ್ಪಲ್ಲ. ಹಂಗಾರೆ ಇದನ್ನ ರಿಪೋರ್ಟ್‌ನಾಗೆ ಯಾಕೆ ಬರದ್ರಿ ಮೇಡಂ? ಬಯೋಡಾಟಾದಾಗೆ ಬರೀಬೇಕಿತ್ತು.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವನ ಮುಖವೇ ಬಾಡಿತು. ಎರಡು ಲಡಿ ಎತ್ತಿ, ಅದಕ್ಕೆ ಕಟ್ಟಿದ್ದ ಹೆಸರಿನ ಚೀಟಿಗಳನ್ನು ಕಿತ್ತು ನನ್ನ ಮುಂದೆ ಹಿಡಿದ.

“ಇವು ಯಾವ ಬಣ್ಣ?”

“ಒಂದು ಕೆಂಪು, ಒಂದು ಹಸಿರು.”

“ನನಗೆ ಎರಡೂ ಒಂದೇ ಮೇಡಂ.”

ಆ ಕೋಣೆಯ ಪ್ರತಿ ಲಡಿಗೂ ಒಂದು ಚೀಟಿ ಇರುತ್ತಿತ್ತು. ಕೆಂಪು, ಗಿಳಿಹಸಿರು, ಈರುಳ್ಳಿ ಸಿಪ್ಪೆ ಬಣ್ಣ, ಮುದ್ದಾದ ಅಕ್ಷರದಲ್ಲಿ. ನಿಜ ಹೇಳುತ್ತೇನೆ, ನಾನು ಅವನಿಗೆ ಮನಸೋತದ್ದೇ ಆ ಚೀಟಿಗಳನ್ನು ನೋಡಿ. ಎಂಥ ಅಚ್ಚುಕಟ್ಟಿನ ಗಂಡಸು! ನನ್ನ ಹಾಗೇ ಎಲ್ಲದಕ್ಕೂ ಹೆಸರು ಬರೆದಿಡುವವನು! ಈಗ ನೋಡಿದರೆ ಅಚ್ಚುಕಟ್ಟೂ ಇಲ್ಲ, ಏನೂ ಇಲ್ಲ. ಅವನಿಗೆ ಬಣ್ಣವೇ ಕಾಣುವುದಿಲ್ಲ. ರೇಷ್ಮೆ ಸೀರೆ ನೇಯುವವನಿಗೆ! ನೂಲಿಗೆ ಬಣ್ಣ ಹಾಕುವವನೊಬ್ಬನಿಗೆ ಮಾತ್ರ ಈ ಗುಟ್ಟು ಗೊತ್ತು, ಚೀಟಿ ಬರೆದು ಕಳಿಸುವವನೂ ಅವನೇ. ಮುದ್ದಾದ ಅಕ್ಷರ ಕೂಡ ತಿಪ್ಪೇಸ್ವಾಮಿಯದಲ್ಲ!

“ಆ ನಲವತ್ತೇಳನೇ ನವಿಲು...” ಎಂದೆ.

“ಕಣ್ಣು ಇತ್ತು. ಅದನ್ನ ನೇಯೋ ದಿನ ಚೀಟಿ ಉದುರಿಹೋಗಿತ್ತು. ಕೆಂಪು ಅನ್ಕಂಡು ಹಸಿರು ನವಿಲಿಗೆ ಹಸಿರು ಕಣ್ಣೇ ಇಟ್ಟಿದ್ದೆ.”

ನನಗೆ ಸಿಟ್ಟು ಬಂತು. “ಹಂಗಾದ್ರೆ ನನ್ನನ್ನ ಕರೆದಿದ್ದು ಬಣ್ಣ ನೋಡಿಸೋಕಾ?”

ಬೇರೆ ಯಾರೇ ಆಗಿದ್ದರೂ “ಛೆ ಛೆ, ಹಂಗೆಲ್ಲ ಇಲ್ಲ” ಎನ್ನುತ್ತಿದ್ದರು. ಅವನು ಬೆರಳು ಮಡಚಿ ಲೆಕ್ಕ ಹಾಕಿದ.

“ಮೊದಲ್ನೇ ಮೂರು ಅಮಾಸಿ ಅದಕ್ಕೇ. ಆಮೇಲಿಂದು ಅಲ್ಲ.”

ಇಷ್ಟು ನಿಖರವಾದ ಉತ್ತರ ಕೊಡುವ ಗಂಡಸನ್ನು ಬಿಡುವುದುಂಟೇ? ನಾನು ಮೂರು ಸೆಕೆಂಡ್ ಅವನ ಕಣ್ಣನ್ನೇ ನೋಡಿದೆ. ದಾಖಲೆ.

“ನನ್ನದೂ ಒಂದು ರಿಪೋರ್ಟ್ ಬರೀರಿ” ಎಂದ. ಬ್ಯಾಗಿನಲ್ಲಿ ಇನ್ನೊಂದು ಖಾಲಿ ಫಾರಂ ಇತ್ತು. ಕೆಂಪು: ಕಂಡುಬಂದಿಲ್ಲ. ಹಸಿರು: ಕಂಡುಬಂದಿಲ್ಲ. ಶೇಂಗಾ: ಇಷ್ಟ, ಆದರೂ ಕೊಡುತ್ತಾನೆ. (ಹೌದು, ಅದೂ ಅವತ್ತೇ ಗೊತ್ತಾದದ್ದು.)

ಅಷ್ಟರಲ್ಲಿ ಹೊರಗೆ ಫಟ್ ಎಂದು ತೆಂಗಿನಕಾಯಿ ಒಡೆಯಿತು. ಸರಿಯಾಗಿ ಎರಡು ಹೋಳು. ಗೌರಕ್ಕ ಕೂಗಿದಳು, “ಒಳ್ಳೇದಾಯ್ತು! ಕೆಲಸ ಆಯ್ತು ಅಂತ ಲೆಕ್ಕ!”

ಕೆಲಸ ಆಗಿತ್ತು. ಅವಳದ್ದಲ್ಲ, ನಮ್ಮದು.

ಅದೇ ಸಂಜೆ ಅವ್ವನ ಎದುರು ಕೂತು, “ಈಗ ಬಾಯಿ ಮುಚ್ಚಬ್ಯಾಡ” ಎಂದು ಹೇಳಿ ಎಲ್ಲ ಒದರಿದೆ. ಹುಡುಗ ಇದ್ದಾನೆ ಎಂದೆ. ಡಾಕ್ಟರು ಹೀಗೆಂದರು ಎಂದೆ. ದೇವರು ಇಲ್ಲ, ಅದು ಬರೀ ಕಲ್ಲು ಎಂದೆ.

ಹುಡುಗನ ಸುದ್ದಿಗೆ ಅವ್ವ ಹತ್ತು ನಿಮಿಷ ಬೈದಳು. ಆಟಿಸಂ ಸುದ್ದಿಗೆ, “ಅದಕ್ಕೊಂದು ಹೆಸರೂ ಐತಾ? ನಾನು ಇಷ್ಟು ದಿನ ನಿಮ್ಮಪ್ಪನ ಕಡೇರ ಬುದ್ಧಿ ಅನ್ಕಂಡಿದ್ದೆ” ಎಂದು ನನ್ನ ತಲೆ ಸವರಿದಳು. ಆಮೇಲೆ ಅಡಿಗೆಮನೆಗೆ ಹೋಗಿ, ಮೊದಲ ಶಿಳ್ಳೆಗೇ ಕುಕ್ಕರ್ ಇಳಿಸಿದಳು. ಅವತ್ತು ಅರೆಬೆಂದ ಬೇಳೆಯ ಸಾರು. ಅಷ್ಟು ರುಚಿಯಾದ ಸಾರು ನಾನು ಉಂಡಿಲ್ಲ.

ಕಲ್ಲಿನ ಸುದ್ದಿಗೆ ಮಾತ್ರ ಕಿವಿ ಮುಚ್ಚಿಕೊಂಡಳು. “ಹಂಗೆಲ್ಲ ಅನ್ನಬ್ಯಾಡ. ಹುಡುಗ ಸಿಕ್ಕಿದ್ದು ಎಲ್ಲಿ? ಅಲ್ಲೇ ತಾನೆ?”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಸಾಲದ್ದಕ್ಕೆ ಮೂರೇ ವಾರದಲ್ಲಿ ಓಬಳೇಶನಿಗೂ ಹೆಣ್ಣು ಗೊತ್ತಾಯಿತು. ಪರಶುರಾಂಪುರದ ಹುಡುಗಿ, ಫ್ಯಾನ್ ರಿಪೇರಿಗೆ ಅಂಗಡಿಗೆ ಬಂದವಳು. ಅವಳನ್ನು ಕಳಿಸಿದ್ದು ಕೆಟ್ಟುಹೋದ ಫ್ಯಾನು ಎಂದು ನಾನು ಹೇಳಿದೆ. ಫ್ಯಾನ್ ಕೆಡಿಸಿದ್ದು ಯಾರು ಎಂದು ಗೌರಕ್ಕ ಕೇಳಿದಳು.

ಅಲ್ಲಿಂದ ಮುಂದೆ ತಡೆಯುವವರೇ ಇಲ್ಲ. ಒಂದೇ ಕಲ್ಲು, ಒಂದೇ ದಿನದ ಪೂಜೆ, ಎರಡು ಮದುವೆ! ಗೌರಕ್ಕ ಚಳ್ಳಕೆರೆಗೆಲ್ಲ ಸಾರಿದಳು. ಕೊಂಡ್ಲಹಳ್ಳಿಯಿಂದ ಬಂದರು, ನಾಯಕನಹಟ್ಟಿಯಿಂದ ಬಂದರು. ಈಗ ನನ್ನ ಅತ್ತೆಯಾದ ತಿಪ್ಪೇಸ್ವಾಮಿಯ ಅವ್ವ ಹಪ್ಪಳವನ್ನು ಮಾಳಿಗೆಗೆ ಸಾಗಿಸಿದರು. ಅಮಾವಾಸ್ಯೆ ಬಂದರೆ ನನಗೂ ನನ್ನ ಗಂಡನಿಗೂ ಕೂತು ಮಂಡಕ್ಕಿ ತಿನ್ನಲು ನಮ್ಮ ಮನೆಯ ಗೋಡೆ ಪಕ್ಕದಲ್ಲೇ ಜಾಗವಿಲ್ಲ.

ಮೊನ್ನೆ ನನಗೆ ಬೈದ ಹೆಂಗಸು ಪೂಜೆ ಮುಗಿಸಿ, ನನ್ನ ಮೇಲೆ ಕರುಣೆ ಬಂದು, ನನ್ನ ಹಣೆಗೂ ಕುಂಕುಮ ಹಚ್ಚಿದಳು. “ಭಾಳ ಸತ್ಯವಂತ ದೇವ್ರಂತೆ ಕಣವ್ವ. ಇದರ ಮುಂದೆ ಯಾರೂ ಸುಳ್ಳು ಹೇಳಂಗಿಲ್ವಂತೆ” ಎಂದಳು.

ನಾನು ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ತಿಪ್ಪೇಸ್ವಾಮಿ ಬೇಡ ಬೇಡ ಎಂದು ತಲೆಯಾಡಿಸಿದ. ಮುಚ್ಚಿಕೊಂಡೆ.

ನನ್ನ ರಿಪೋರ್ಟ್ ಕೊಟ್ಟಾಯಿತು, ಅವನ ರಿಪೋರ್ಟ್ ಬರೆದಾಯಿತು. ಇನ್ನು ಈ ಕಲ್ಲಿನ ರಿಪೋರ್ಟನ್ನು ಗೌರಕ್ಕನ ಕೈಗೆ ಕೊಡುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ?